ಸದೂಭಾವು ಮಡಚಿಕೊಟ್ಟ ವೀಳ್ಯ

ಇಂದು ಬೆಳಿಗ್ಗೆ ಹಾಲಿಗೆಂದು ಹೊರಟವನು ಓಣಿಯ ತಿರುವಿನಲ್ಲಿ ಸುಮ್ಮನೆ ನಿಂತುಬಿಟ್ಟೆ. ಒಬ್ಬಾತ ಗೋಡೆಗೆ ಸಿನೇಮಾದ ಪೋಸ್ಟರು ಹಚ್ಚುತ್ತಿದ್ದ. ಪಕ್ಕದಲ್ಲಿ ಬಕೀಟು, ಅದರಲ್ಲಿ ಮೈದಾಹಿಟ್ಟು ಕುದಿಸಿ ಮಾಡಿದ ಅಂಟು. ಬಿಸಿ ಇನ್ನೂ ಆರಿರಲಿಲ್ಲ. ಆ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಅಡುಗೆಯದೂ ಅಲ್ಲ, ಹಸಿಹಿಟ್ಟಿನದೂ ಅಲ್ಲ. ಮದುವೆಯಾದ ಹೊಸದರಲ್ಲಿ ದಿನಾ ಸಂಜೆ ನಾನು ಅದನ್ನು ಮೈಗೆ ಹತ್ತಿಸಿಕೊಂಡೇ ಮನೆಗೆ ಬರುತ್ತಿದ್ದೆ. "ನಾಟಕ ಕಂಪನಿಯೊಳಗ ಜಾಹೀರಾತಿನ ಮ್ಯಾನೇಜರ ಅಂತ ಹೇಳಿ ಕೊಟ್ರು. ಬಂದು ನೋಡಿದ್ರ ಗ್ವಾಡಿಗೆ ಕಾಗದ ಹಚ್ಚಾಂವ" ಎಂದು ನನ್ನ ಹೆಂಡತಿ ತವರಿನವರ ಮುಂದೆ ಹೇಳಿಕೊಂಡದ್ದು ನನ್ನ ಕಿವಿಗೂ ಬಿದ್ದಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಬಿಜಾಪುರದಿಂದ ಪುಣೆಗೆ ನಾನು ಬಂದದ್ದು ವಕೀಲನಾಗಲು. ರವಿವಾರ ಪೇಟೆಯಲ್ಲಿ ಕಾಕಾನ ಅರಿವೆಯ ಅಂಗಡಿ ಇತ್ತು, ಊಟ ವಸತಿಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಕಾಯಿದೆಯ ಪುಸ್ತಕದ ಮೇಲಿನ ಪ್ರೀತಿಗೆ. ಓದುವುದನ್ನು ಬಿಟ್ಟು ನಾಟಕದ ಥೇಟರಿನ ಸುತ್ತ ಸುಳಿದಾಡಿದೆ. ಕನ್ನಡ, ಮರಾಠಿ ಎರಡರಲ್ಲೂ ದೊಡ್ಡ ದೊಡ್ಡ ಮಾತು ಬರೆಯಬಲ್ಲೆನೆಂದು ಕಂಪನಿಯ ಮಾಲಕರಿಗೆ ತಿಳಿದು, ನನ್ನನ್ನು ಕರೆದು ಕೂಡಿಸಿಕೊಂಡರು. ಹ್ಯಾಂಡ್‌ಬಿಲ್ಲು ಬರೆಯುವುದು, ಅಚ್ಚು ಹಾಕಿಸುವುದು, ಗೋಡೆಗೆ ಹಚ್ಚುವುದು, ಡೋಲು ಬಾರಿಸುವವನನ್ನು ಟಾಂಗಾದಲ್ಲಿ ಕೂಡಿಸಿಕೊಂಡು ಕಾಯಿಪಲ್ಲೆ ಮಾರುವ ಮಂಡಯಿಯಿಂದ ಕ್ಯಾಂಪಿನವರೆಗೆ ಹಂಚುತ್ತಾ ಹೋಗುವುದು ನನ್ನ ಕೆಲಸ. ನಾನು ಬರೆದ ಜಾಹೀರಾತಿನಲ್ಲಿ ಯಾವ ನಾಟಕವೂ ಬರೀ ಚಲೋ ನಾಟಕವಾಗಿರಲಿಲ್ಲ. ಹಿಂದೆ ಆಗಿಲ್ಲದ್ದು, ಮುಂದೆ ಆಗಲಾರದ್ದು ಪ್ರತಿ ಶನಿವಾರ ನಮ್ಮಲ್ಲಿ ಆಗುತ್ತಿತ್ತು. ಪುಣೆಯ ಮಂದಿ ಅದನ್ನು ನಂಬುತ್ತಿದ್ದರೆಂದು ತಿಳಿಯಬೇಡಿ. ಸದಾಶಿವ ಪೇಟೆಯ ಒಬ್ಬ ನಿವೃತ್ತ ಮಾಸ್ತರರು ನನ್ನ ಹ್ಯಾಂಡ್‌ಬಿಲ್ಲಿನ ವ್ಯಾಕರಣ ತಿದ್ದಿ, ಟಾಂಗಾ ಮತ್ತೆ ಆ ಬೀದಿಗೆ ಬಂದಾಗ ತಪ್ಪದೆ ಹಿಂತಿರುಗಿಸುತ್ತಿದ್ದರು. ಆದರೆ ನಾಟಕಕ್ಕೂ ತಪ್ಪದೆ ಬರುತ್ತಿದ್ದರು.

ಮಂದಿ ಬರುತ್ತಿದ್ದದ್ದು ತುಂಗಾಬಾಯಿಗಾಗಿ. ಆಕೆ ಧಾರವಾಡದ ಕಡೆಯವಳು, ನಮ್ಮ ಕಂಪನಿಯಲ್ಲಿ ರಾಣಿಯ ಪಾತ್ರ ಮಾಡಿದ ಮೊದಲ ಹೆಣ್ಣು. ಅದಕ್ಕೂ ಮೊದಲು ಆ ಪಾತ್ರ ಬೆಳಗಾವಿಯ ಸದೂಭಾವು ಅವರದಾಗಿತ್ತು. ನೀವು ಅವರನ್ನು ನೋಡಿಲ್ಲ. ಸೀರೆ ಉಟ್ಟು ಅವರು ರಂಗದ ಮೇಲೆ ಬಂದರೆ ಮುಂದಿನ ಸಾಲಿನ ಗೃಹಿಣಿಯರು ಸೆರಗು ಹಾಕುವ ರೀತಿಯನ್ನು ಅವರಿಂದ ಕಲಿತು ಮನೆಗೆ ಹೋಗುತ್ತಿದ್ದರಂತೆ. ಕಾಲ ಬದಲಾಯಿತು, ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬೇಕೆಂದರು. ಸದೂಭಾವು ಸೀರೆ ಮಡಚಿಟ್ಟು ಮಂತ್ರಿಯ ಗಡ್ಡ ಹಚ್ಚಿಕೊಂಡರು. ತುಂಗಾಬಾಯಿಗೆ ಹಾಡುಗಳನ್ನೆಲ್ಲ ಹೇಳಿಕೊಟ್ಟವರೂ ಅವರೇ. ಮಧ್ಯಾಹ್ನ ಊಟವಾದ ಮೇಲೆ ಹಿತ್ತಾಳೆಯ ಎಲೆಡಬ್ಬಿ ತೆರೆದು, ಎಲೆಯ ನಾರು ತೆಗೆದು, ಮಡಚಿ, ಮೊದಲ ವೀಳ್ಯ ಆಕೆಗೆ ಕೊಡುವುದು ಅವರ ರೂಢಿ. ಆಕೆ ಅವರನ್ನು ಕರೆಯುತ್ತಿದ್ದದ್ದು ಸದೂ ಅಣ್ಣಾ ಎಂದು.

ಒಂದು ಚಳಿಗಾಲದಲ್ಲಿ ತುಂಗಾಬಾಯಿಯ ದನಿ ಹೋಯಿತು. ನೆಗಡಿಯೂ ಇಲ್ಲ, ಜ್ವರವೂ ಇಲ್ಲ. ಹಾಡಿ ಹಾಡಿ ಗಂಟಲು ದಣಿದಿದೆ ಎಂದರು ಡಾಕ್ಟರರು. ಪಿಸುಮಾತೂ ಕೂಡದು, ವೀಳ್ಯ ಅಡಿಕೆ ಕೂಡದು, ದನಿ ಯಾವಾಗ ಬರುತ್ತದೆಂದು ಹೇಳುವುದು ಕಷ್ಟ ಎಂದರು. ಬರುತ್ತದೆಯೇ ಎಂದು ಕೇಳುವ ಧೈರ್ಯ ನಮಗೆ ಯಾರಿಗೂ ಆಗಲಿಲ್ಲ. ಆಕೆ ಮಕ್ಕಳ ಪಾಟಿಯೊಂದನ್ನು ತರಿಸಿಕೊಂಡು, ಬೇಕಾದದ್ದನ್ನು ಬಳಪದಿಂದ ಬರೆದು ತೋರಿಸತೊಡಗಿದಳು.

ಆಟ ನಿಂತಿತು. ಪುಣೆಯ ಬಾಯಿ ಶುರುವಾಯಿತು. ಮೊದಲ ದಿನ ಆಕೆ ಬೋಲಪಟದ, ಅಂದರೆ ಮಾತಾಡುವ ಸಿನೇಮಾದ ಕಂಪನಿ ಸೇರಿದಳು ಎಂದರು. ಮರುದಿನ ಅದನ್ನು ಬಿಟ್ಟು ಬೇರೆ ಹಿಡಿದರು. ಹಾಡುವವರ ದನಿ ಕೆಡಿಸಲು ವೈರಿಗಳು ಸಿಂಧೂರ ತಿನ್ನಿಸುತ್ತಾರೆ ಎಂಬ ಮಾತು ಆ ಕಾಲದಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಆಕೆಗೆ ದಿನಾ ವೀಳ್ಯ ಕೊಡುವವರು ಯಾರು? ಆಕೆ ಬಂದದ್ದರಿಂದ ಪಾತ್ರ ಕಳೆದುಕೊಂಡವರು ಯಾರು? ಇಷ್ಟು ಸಾಕಾಯಿತು. ಸದೂಭಾವು ಮಂಡಯಿಗೆ ಹೋದರೆ ಎಲೆ ಮಾರುವ ಮುದುಕಿ ಕಟ್ಟು ಮುಚ್ಚಿಟ್ಟಳು. ವರ್ಷಗಟ್ಟಲೆ ಗಡ್ಡ ಹೆರೆದ ನಾವಿ ಕತ್ತಿ ಮಸೆಯುತ್ತಾ ಮುಖ ತಿರುಗಿಸಿದ. ಅವರು ಹೊರಗೆ ಹೋಗುವುದನ್ನೇ ಬಿಟ್ಟರು.

ನಾನು ಮಾಲಕರ ಹತ್ತಿರ ಹೋದೆ. ಅವರೂ ಕಂಪನಿಯ ನಟರೂ ಇದ್ದದ್ದು ಒಂದೇ ವಾಡೆಯಲ್ಲಿ, ಅಂಗಳದ ಸುತ್ತ ಖೋಲಿಗಳಿದ್ದ ಒಂದು ಹಳೆಯ ದೊಡ್ಡ ಮನೆಯಲ್ಲಿ. ಅವರು ಮರಾಠಿಯವರು, ಅವರ ಮಾತನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ.

"ಸಾಹೇಬ್ರ, ಪೇಪರಿನ್ಯಾಗ ನಾಕು ಸಾಲು ಹಾಕೋಣ್ರಿ. ಡಾಕ್ಟರ್ ಹೇಳಿದ್ದು ಹಾಕಿದ್ರ ಸಾಕು" ಎಂದೆ.

ಅವರು ಕೈಯಲ್ಲಿದ್ದ ಚಹಾ ಕೆಳಗಿಟ್ಟು ನಕ್ಕರು. "ಹುಚ್ಚ ಅದೀ ನೀನು. ಇಡೀ ಊರು ನಮ್ಮ ಕಂಪನಿ ಹೆಸರು ಹೇಳಲಿಕ್ಕೆ ಹತ್ಯದ. ಮುಂದಿನ ಆಟಕ್ಕೆ ಈಗಲೇ ಮಂದಿ ವಿಚಾರಿಸ್ತಾರ. ಇಂಥ ಜಾಹೀರಾತು ನಿನ್ನ ಟಾಂಗಾ ಜನ್ಮದಾಗ ಮಾಡೂದಿಲ್ಲ."

"ಆದ್ರ ಸದೂಭಾವು..."

"ಎರಡು ವಾರ ತಡಕೊಳ್ಳಲಿ. ಆಮ್ಯಾಲೆ ಎಲ್ಲರೂ ಮರೀತಾರ."

ಅವರು ಕೆಟ್ಟ ಮನುಷ್ಯರಲ್ಲ. ಬೋಲಪಟಗಳ ಹಾವಳಿಯಲ್ಲಿ ಥೇಟರು ತುಂಬುವುದೇ ಕಷ್ಟವಾಗಿತ್ತು. ಅಷ್ಟು ಮಂದಿಯ ಹೊಟ್ಟೆ ಅವರ ತಲೆಯ ಮೇಲಿತ್ತು. ಆದರೆ ಮೆಟ್ಟಿಲಿಳಿದು ಬರುವಾಗ ಸದೂಭಾವು ಅವರ ಖೋಲಿಯ ಬಾಗಿಲು ತೆರೆದಿತ್ತು. ಅವರು ಟ್ರಂಕಿಗೆ ಧೋತರ ತುಂಬುತ್ತಿದ್ದರು. ನನ್ನನ್ನು ನೋಡಿ, "ಬೆಳಗಾವಿಗೆ ಹೊಂಟೀನಿ" ಎಂದಷ್ಟೇ ಹೇಳಿದರು.

ಹೀಗೆ ಹೋದರೆ ಊರು ಏನೆನ್ನುತ್ತದೆಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಹೊರಟಿದ್ದರು. ನಾನು ಓಡಿಹೋಗಿ ತುಂಗಾಬಾಯಿಗೆ ಎಲ್ಲ ಹೇಳಿದೆ. ವದಂತಿ ಆಕೆಯ ಕಿವಿಗೆ ಬೀಳದ ಹಾಗೆ ಮನೆಯವರು ನೋಡಿಕೊಂಡಿದ್ದರು. ಕೇಳುತ್ತಾ ಕೇಳುತ್ತಾ ಆಕೆಯ ಮುಖ ಬಿಳಚಿಕೊಂಡಿತು. ಪಾಟಿ ಎತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ನಡೆದಳು. ನಾನು ಹಿಂದೆ ಹಿಂದೆ.

ಖೋಲಿಗೆ ಹೋಗಿ ಟ್ರಂಕಿನ ಮುಚ್ಚಳ ಮುಚ್ಚಿ ಅದರ ಮೇಲೆ ಕುಳಿತುಬಿಟ್ಟಳು. ಪಾಟಿಯ ಮೇಲೆ ಬರೆದು ತೋರಿಸಿದಳು. ಸದೂಭಾವು ಕನ್ನಡ ಮಾತಾಡುವವರೇ ಹೊರತು ಓದುವವರಲ್ಲ. ನಾನೇ ಓದಿ ಹೇಳಬೇಕಾಯಿತು. "ಸದೂ ಅಣ್ಣಾ, ನನ್ನ ಹಾಡು ನೀವು ಹಾಡ್ರಿ. ನಾ ಪಾತ್ರ ಮಾಡ್ತೀನಿ."

ಸದೂಭಾವು ಗೋಡೆಯ ಕಡೆ ತಿರುಗಿದರು. "ಊರೆಲ್ಲ ನನ್ನ ವಿಷಾ ಹಾಕಿದಾಂವ ಅಂತದ. ನಾನು ಹೋಗಿ ನಿನ್ನ ಜಾಗಾದಾಗ ಕುಂತು ಹಾಡಿದ್ರ, ಅದಕ್ಕಾಗೇ ಹಾಕಿದ್ದ ನೋಡ್ರಿ ಅಂತಾರ. ಬ್ಯಾಡವ್ವಾ, ನನ್ನ ಬಿಟ್ಟುಬಿಡು."

ಆಕೆ ಅಳಿಸಿ ಮತ್ತೆ ಬರೆದಳು. ಅದನ್ನೂ ನಾನೇ ಓದಿದೆ. "ಪರದೆ ಏಳೂ ಮೊದಲ ಎಲ್ಲರ ಮುಂದ ನೀವು ನನಗ ಎಲಿ ಮಡಚಿ ಕೊಡ್ರಿ. ನಾ ತಿಂತೀನಿ."

ಅವರು ಗೋಡೆ ಬಿಟ್ಟು ಆಕೆಯ ಕಡೆ ತಿರುಗಿದರು. "ಡಾಕ್ಟರ್ ಬ್ಯಾಡ ಅಂದಾರಲ್ಲ?" ಎಂದರು. ಆಕೆ ಡಾಕ್ಟರರನ್ನು ಕೈಬೀಸಿ ಆಚೆ ತಳ್ಳಿದಳು. ಸದೂಭಾವು ಅವರಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಮಾಲಕರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಎಲೆ ತಿನ್ನಲು ಬಿಡದಿದ್ದರೆ ತಾನೂ ಬೆಳಗಾವಿಯ ಗಾಡಿ ಹತ್ತುವೆನೆಂದು ಆಕೆ ಪಾಟಿಯ ಮೇಲೆ ಬರೆದು ಕಳಿಸಿದ್ದಳು. ಹ್ಯಾಂಡ್‌ಬಿಲ್ಲು ಬರೆಯಲು ಕುಳಿತರೆ ಮಾತೇ ಹೊರಡಲಿಲ್ಲ. ಇಷ್ಟು ವರ್ಷ ಸಾಕಿದ ವಿಶೇಷಣಗಳು ಒಂದೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಹೀಗೆ ಬರೆದೆ: ತುಂಗಾಬಾಯಿಯವರ ಗಂಟಲು ದಣಿದಿದೆ. ಭಾನುವಾರ ಮಧ್ಯಾಹ್ನದ ಆಟದಲ್ಲಿ ಅವರು ಅಭಿನಯಿಸುತ್ತಾರೆ. ಹಾಡುಗಳನ್ನು ಅವರ ಗುರುಗಳಾದ ಸದೂಭಾವು ಹಾಡುತ್ತಾರೆ. ಅಷ್ಟೇ. ಅಚ್ಚುಕೂಟದವನು ತಿರುಗಿಸಿ ಹಿಂಬದಿ ನೋಡಿ, ಉಳಿದದ್ದೆಲ್ಲಿ ಎಂದು ಕೇಳಿದ. ಸದಾಶಿವ ಪೇಟೆಯ ಮಾಸ್ತರರು ಆ ಒಂದನ್ನು ಮಾತ್ರ ತಿದ್ದದೆ ಇಟ್ಟುಕೊಂಡರು.

ಭಾನುವಾರ ಥೇಟರು ಕಿಕ್ಕಿರಿದಿತ್ತು. ಕೆಲವರು ನಾಟಕಕ್ಕೆ, ಬಹಳ ಮಂದಿ ಸದೂಭಾವು ಅವರ ಮುಖ ನೋಡಲಿಕ್ಕೆ. ರಾಣಿಯ ವೇಷದಲ್ಲಿ ತುಂಗಾಬಾಯಿ ಪರದೆಯ ಮುಂದೆ ಬಂದಳು. ಆಕೆಯ ಹಿಂದೆ ಕೈಯಲ್ಲಿ ಎಲೆಡಬ್ಬಿ ಹಿಡಿದ ಸದೂಭಾವು. ಹಿಂದಿನ ಸಾಲುಗಳಿಂದ ಒಂದು ಸೀಟಿ ಬಂತು, ಯಾರೋ ಏನೋ ಕೂಗಿದರು. ರಂಗದ ಪಕ್ಕದ ಪರದೆಯ ಮರೆಯಿಂದ ನಾನು ನೋಡುತ್ತಿದ್ದೆ. ಸದೂಭಾವು ಎಲೆ ಒರೆಸಿದರು. ಎಲೆ ಕೈಜಾರಿ ಕೆಳಗೆ ಬಿತ್ತು. ಇನ್ನೊಂದು ತೆಗೆದರು. ಸುಣ್ಣ ಬೇಡವೆಂದು ತಾವೇ ತೀರ್ಮಾನಿಸಿ, ಒಂದು ಏಲಕ್ಕಿ ಮಾತ್ರ ಇಟ್ಟು ಮಡಚಿದರು. ತುಂಗಾಬಾಯಿ ಕೈಚಾಚಲಿಲ್ಲ, ಮಗುವಿನ ಹಾಗೆ ಬಾಯಿ ತೆರೆದಳು. ಅವರು ಬಾಯಿಗೇ ಇಟ್ಟರು. ಮುಂದಿನ ಸಾಲಿನಲ್ಲಿದ್ದ ಡಾಕ್ಟರರು ಕಣ್ಣು ಮುಚ್ಚಿಕೊಂಡರು. ಆಕೆ ಮಾತ್ರ ಅಷ್ಟು ಮಂದಿಯನ್ನು ನೋಡುತ್ತಾ, ನಿಧಾನವಾಗಿ ಅಗಿದು, ನುಂಗಿ, ಬಗ್ಗಿ ಸದೂಭಾವು ಅವರ ಕಾಲು ಮುಟ್ಟಿದಳು.

ಆಗ ಅಗ್ಗದ ಸಾಲಿನಿಂದ ಯಾರೋ ಒಬ್ಬ, "ಸದೂಭಾವು, ಆಮ್ಹಾಲಾಹೀ ಏಕ ದ್ಯಾ!" ಎಂದು ಕೂಗಿದ. ನಮಗೂ ಒಂದು ಕೊಡಿ ಎಂದು. ಇಡೀ ಥೇಟರು ನಕ್ಕಿತು. ಕಟ್ಟೆ ಒಡೆದ ನೀರಿನಂತೆ ನಕ್ಕಿತು, ಚಪ್ಪಾಳೆ ಹೊಡೆಯಿತು. ನಾನು ಪರದೆ ಎಳೆಯುವವನಿಗೆ ಕೈಸನ್ನೆ ಮಾಡಿದೆ.

ಸದೂಭಾವು ಅಂದು ಮಂತ್ರಿಯ ಗಡ್ಡವನ್ನು ಇನ್ನೊಬ್ಬನಿಗೆ ಬಿಟ್ಟು, ಹಾರ್ಮೋನಿಯಮ್ಮಿನ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ ಕುಳಿತು, ರಾಣಿಯ ಮಾತನ್ನೂ ತಾವೇ ಆಡಿ, ಹಾಡಿದರು. ಅವರ ದನಿಗೆ ವಯಸ್ಸಾಗಿತ್ತು. ಮೊದಲ ಹಾಡು ಒರಟಾಗಿಯೇ ಬಂತು. ಎರಡನೆಯದರಲ್ಲಿ ತುಂಗಾಬಾಯಿ ಅಭಿನಯಿಸುತ್ತಲೇ ಅವರತ್ತ ಒಮ್ಮೆ ತಿರುಗಿದಳು. ಅಲ್ಲಿಂದ ಮುಂದೆ ಹಾಡುತ್ತಿರುವುದು ಯಾರು, ಅಳುತ್ತಿರುವುದು ಯಾರು ಎಂದು ನನಗೂ ತಿಳಿಯದೆ ಹೋಯಿತು. ಮರುದಿನ ನಾವಿ ತಾನೇ ವಾಡೆಯ ಬಾಗಿಲಿಗೆ ಬಂದು, ಗಡ್ಡ ಬೆಳೆದಿದೆ ಎಂದು ಸದೂಭಾವು ಅವರನ್ನು ಗದರಿಸಿ ಕೂಡಿಸಿಕೊಂಡ.

ದನಿ ಮರಳಿದ ಕಥೆ ಇನ್ನೂ ಚಂದ. ಬೇಸಿಗೆ ಶುರುವಾಗಿತ್ತು. ಬೆಳಿಗ್ಗೆ ನಲ್ಲಿಯ ಹತ್ತಿರ ಎಂದಿನಂತೆ ಕೊಡಗಳ ಜಗಳ. ಯಾರೋ ತುಂಗಾಬಾಯಿಯ ಕೊಡ ಸರಿಸಿ ತಮ್ಮದಿಟ್ಟರು. "ಏ, ಪಾಳಿ ನಂದದ!" ಎಂಬ ಕೂಗಿಗೆ ಇಡೀ ವಾಡೆ ಬೆಚ್ಚಿತು. ಜಗಳ ಅಲ್ಲಿಗೇ ನಿಂತಿತು. ಮಾಲಕರು ಮುಖದ ತುಂಬ ಸಾಬೂನಿನ ನೊರೆ ಹೊತ್ತು ಮೇಲಿನ ಗಚ್ಚಿಗೆ ಓಡಿಬಂದು, "ಇನ್ನೊಮ್ಮೆ ಅನ್ನು, ಇನ್ನೊಮ್ಮೆ ಅನ್ನು" ಎಂದು ಬೇಡಿಕೊಂಡರು. ಕೊಡ ಸರಿಸಿದ ಹೆಂಗಸೇ ಆಕೆಯನ್ನು ಅಪ್ಪಿಕೊಂಡು ಅತ್ತಳು.

ಅದೆಲ್ಲ ಬಹಳ ಹಿಂದಿನ ಮಾತು. ಕಂಪನಿ ಮುಚ್ಚಿತು, ಸದೂಭಾವು ತಮ್ಮ ಬೆಳಗಾವಿಯಲ್ಲೇ, ಮಂದಿಯ ಗೌರವದ ನಡುವೆ ಕಣ್ಣು ಮುಚ್ಚಿದರು. ತುಂಗಾಬಾಯಿ ಇಲ್ಲೇ ಶುಕ್ರವಾರ ಪೇಟೆಯಲ್ಲಿದ್ದಾಳೆ. ವಯಸ್ಸಿಗೆ ಆಕೆಯ ದನಿ ಪೂರಾ ಒಡೆದಿದೆ ಎಂದು ಯಾರೋ ಹೇಳಿದ ಮೇಲೆ, ಅದನ್ನು ಕೇಳಲಾರೆನೆಂದು ನಾನು ಆ ಕಡೆ ಹೋಗುವುದನ್ನೇ ಬಿಟ್ಟಿದ್ದೆ. ಇಂದು ಮಾತ್ರ ಹಾಲು ಮನೆಗೆ ಮುಟ್ಟಿಸಿ ನೇರ ಅಲ್ಲಿಗೆ ನಡೆದೆ.

ಒಳಗೆ ತುಂಗಾಬಾಯಿ ಒಬ್ಬ ಹುಡುಗಿಗೆ ಹಾಡಿನ ಪಾಠ ಹೇಳುತ್ತಿದ್ದಳು. ಹೇಳಿದವರು ಸುಳ್ಳು ಹೇಳಿರಲಿಲ್ಲ; ದನಿ ಒಡೆದಿತ್ತು. ಮೇಲಿನ ಸ್ವರಕ್ಕೆ ಏರುವಾಗ ನಿಂತೇಹೋಯಿತು. ನಾನು ಹೊಸ್ತಿಲಲ್ಲೇ ನಿಂತೆ. ತುಂಗಾಬಾಯಿ ಮಾತ್ರ ಹಾಯಾಗಿ ನಕ್ಕು, "ಮ್ಯಾಲಿಂದು ನೀ ಹಾಡವ್ವಾ, ಕೆಳಗಿಂದು ನಾ ನೋಡ್ಕೋತೀನಿ" ಎಂದಳು. ಹುಡುಗಿಯ ಎಳೆಯ ದನಿ ಅಲ್ಲಿಂದಲೇ ಎತ್ತಿಕೊಂಡು ಹೋಯಿತು. ಹಾಡು ಎಲ್ಲಿಯೂ ಕಡಿಯಲಿಲ್ಲ.

"ಯಾರ್ರಿ ಅಲ್ಲಿ ಹೊಸ್ತಿಲದಾಗ?" ಆಕೆ ಕಣ್ಣು ಕಿರಿದು ಮಾಡಿ ನೋಡಿದಳು. "ಅಯ್ಯ, ನೀವೇನ್ರಿ! ಎಷ್ಟು ದಿನಾತು. ಯಾಕ ಅಲ್ಲೇ ನಿಂತ್ರಿ? ಬರ್ರಿ ಒಳಗ, ಕೂತು ಕೇಳ್ರಿ."

ನಾನು ಒಳಗೆ ಹೋಗಿ ಕುಳಿತೆ. ಕೇಳಿದೆ.