ಸಾಹೇಬರನ್ನು ಆಕಾಶಕ್ಕೆ ಕಳಿಸಿದ್ದು

ನನಗೆ ಬೇಗ ಸಿಟ್ಟು ಬರುತ್ತದೆ ಎಂದು ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೇಗ ಏನೂ ಬರುವುದಿಲ್ಲ. ಬಂದದ್ದು ಬೇಗ ಹೋಗುವುದಿಲ್ಲ, ಅಷ್ಟೇ. ಈ ವಿಷಯದಲ್ಲಿ ನಮ್ಮ ಭಾಷೆಯೂ ಹೆಂಗಸರಿಗೆ ಅನ್ಯಾಯ ಮಾಡಿದೆ. ಋಷಿಗೆ ಬಂದರೆ ಕೋಪ, ವೀರನಿಗೆ ಬಂದರೆ ರೋಷ, ದೇವರಿಗೆ ಬಂದರೆ ಮುನಿಸು. ಹೆಂಗಸಿಗೆ ಬಂದರೆ ಮಾತ್ರ ಸೆಡವು, ಇಲ್ಲವೇ 'ಆಕಿ ತಲಿ ಇವತ್ತ ಸರಿ ಇಲ್ಲ'. ಕಳೆದ ದೀಪಾವಳಿಯ ಹೊತ್ತಿಗೆ ನನಗೆ ಬಂದದ್ದು ಇವುಗಳಲ್ಲಿ ಯಾವುದೂ ಅಲ್ಲ. ಅದು ಸಿಟ್ಟು. ಹಲ್ಲು ಕಚ್ಚಿಕೊಂಡೇ ಹೇಳಬೇಕಾದ ಶಬ್ದ.

ನಾನು ಪುಣೆಯ ಮಗ್ಗುಲಿನ ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮಾಲು ಪರೀಕ್ಷೆ ಮಾಡುವವಳು. ಗಾಡಿಯ ಬ್ರೇಕ್ ಪೆಡಲನ್ನು ಹಿಡಿದುಕೊಂಡಿರುವ ಬ್ರ್ಯಾಕೆಟ್ ಎಂಬ ತಗಡಿನ ತುಂಡೊಂದಿದೆ. ತಯಾರಾಗಿ ಬಂದ ಮಾಲಿನ ಪ್ರತಿ ಲಾಟಿನಿಂದ ನಾಲ್ಕು ಬ್ರ್ಯಾಕೆಟ್ ತೆಗೆದು, ಮಷಿನ್ನಿಗೆ ಕಚ್ಚಿಸಿ, ಹರಿಯುವ ತನಕ ಎಳೆಯುವುದು ನನ್ನ ಕೆಲಸ. ವೆಲ್ಡಿಂಗ್ ಗಟ್ಟಿ ಇದ್ದರೆ ತಗಡು ಹರಿಯುತ್ತದೆ, ವೆಲ್ಡಿಂಗ್ ಬಿಡುವುದಿಲ್ಲ. ಹಬ್ಬಕ್ಕಿಂತ ಮೊದಲಿನ ಒಂದು ಲಾಟಿನಲ್ಲಿ ನಾಲ್ಕರಲ್ಲಿ ಮೂರು, ಹಳೆಯ ಲಕೋಟೆ ಅಂಟು ಬಿಟ್ಟಂತೆ, ಸದ್ದಿಲ್ಲದೆ ಬಿಟ್ಟುಕೊಂಡವು. ಈ ಮಾಲು ಹೊರಗೆ ಹೋಗಬಾರದು ಎಂಬ ಕೆಂಪು ಚೀಟಿ ಹಚ್ಚಿದೆ. ಅರ್ಧ ತಾಸಿನಲ್ಲಿ ಸಾಹೇಬರು ಬಂದರು.

ಸಾಹೇಬರ ಹೆಸರು ಬೇಡ. ನನಗಿಂತ ಹತ್ತು ವರ್ಷ ಚಿಕ್ಕವರು, ವಿಭಾಗಕ್ಕೆ ಹೊಸಬರು, ಮಾತು ಬೆಣ್ಣೆ. ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಹಬ್ಬದ ಹೊತ್ತಿಗೆ ಲಾರಿ ನಿಲ್ಲಿಸಲಿಕ್ಕೆ ಆಗುವುದಿಲ್ಲ ಎಂದು ಮರಾಠಿಯಲ್ಲಿ ತಿಳಿಸಿ ಹೇಳಿದರು. ಕೊನೆಗೆ, "ಮ್ಯಾಡಮ್, ಸಹಿ ಕರಾ. ಪುಢಚಂ ಪುಢೆ ಬಘೂ" ಅಂದರು. ಸಹಿ ಮಾಡಿ, ಮುಂದಿನದು ಮುಂದೆ ನೋಡೋಣ ಎಂದರ್ಥ. ಘಾಟ್ ಇಳಿಯುವಾಗ ಬ್ರೇಕ್ ಒತ್ತಿದವನು ಆ ಮುಂದಿನದನ್ನು ನೋಡಲಿಕ್ಕೆ ಉಳಿದಿರಬೇಕಲ್ಲ ಎಂದು ನಾನೂ ಮರಾಠಿಯಲ್ಲೇ ಹೇಳಿದೆ. ಅವರು ತಾವೇ ಸಹಿ ಹಾಕಿದರು. ಲಾರಿ ಹೋಯಿತು. ಸೋಮವಾರ ನಾನು ಹೋಗಿ ನೋಡಿದರೆ ನನ್ನ ಮೇಜಿನ ಮುಂದೆ ಬೇರೆ ಒಬ್ಬಳು ಕೂತಿದ್ದಳು. ನನ್ನನ್ನು ಹಳೆಯ ಕಡತಗಳ ಕೋಣೆಗೆ ಹಾಕಿದ್ದರು. ಇಲಿ ತಿಂದ ಕಾಗದಗಳನ್ನು ಇಲಿ ತಿನ್ನದ ಕಾಗದಗಳಿಂದ ಬೇರೆ ಮಾಡುವುದು ಅಲ್ಲಿನ ಕೆಲಸ. ಸಂಜೆ ಮನೆಗೆ ಬರುವಾಗ ನಾನು ಆ ಮೂರು ಬಾಯಿಬಿಟ್ಟ ತುಂಡುಗಳನ್ನು ಊಟದ ಚೀಲದಲ್ಲಿ ಹಾಕಿಕೊಂಡು ಬಂದೆ.

ಮನೆಯಲ್ಲಿ ನಮ್ಮವರು ದೀರ್ಘವಾಗಿ ಉಸಿರು ಎಳೆದುಕೋ ಅಂದರು. ಅವರು ಲಕ್ಷ್ಮೀ ರಸ್ತೆಯ ಸೀರೆ ಅಂಗಡಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಅರವತ್ತು ಸೀರೆ ಬಿಚ್ಚಿಸಿ ಒಂದು ಕರ್ಚೀಫೂ ಕೊಳ್ಳದೆ ಎದ್ದುಹೋದವರಿಗೆ ಕೈಮುಗಿದು ಕಳಿಸಿದವರು. ಅಂಥವರಿಗೆ ಸಿಟ್ಟಿನ ಬಗ್ಗೆ ಏನು ಗೊತ್ತು? ಆದರೂ ಉಸಿರು ಎಳೆದುಕೊಂಡೆ. ಒಲೆಗೆ ಗಾಳಿ ಊದಿದರೆ ಏನಾಗಬೇಕೋ ಅದೇ ಆಯಿತು. ಆಗ ಮಗಳು ತನ್ನ ಕಂಪ್ಯೂಟರನ್ನು ನನ್ನ ಮುಂದಿಟ್ಟು, ಅದರಲ್ಲೊಂದು ರಾಕೆಟ್ ಆಟ ಇದೆ, ಬೇಕಾದಷ್ಟು ಸುಟ್ಟು ಬಿಸಾಕಬಹುದು, ಪಾತ್ರೆ ಕುಕ್ಕುವುದನ್ನು ಮಾತ್ರ ನಿಲ್ಲಿಸು ಎಂದು ಹೇಳಿ ಕಾಲೇಜಿಗೆ ಹೋದಳು.

ಆಟ ಸರಳ. ಇಂಧನದ ಟಾಕಿ, ಎಂಜಿನ್, ರೆಕ್ಕೆ, ಪ್ಯಾರಾಶೂಟ್, ಎಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ನಮಗೆ ತಿಳಿದಂತೆ ಜೋಡಿಸಿ, ತುದಿಯ ಡಬ್ಬಿಯಲ್ಲಿ ಒಬ್ಬ ಪುಟ್ಟ ಮನುಷ್ಯನನ್ನು ಕೂಡಿಸಿ ಹಾರಿಸಬೇಕು. ಆ ಮನುಷ್ಯನಿಗೆ ನಮಗೆ ಬೇಕಾದ ಹೆಸರು ಇಡಬಹುದು. ನಾನು ಏನು ಇಟ್ಟೆ ಎಂದು ಹೇಳಬೇಕಾಗಿಲ್ಲ.

ಸಾಹೇಬರ ಮೊದಲ ಯಾತ್ರೆ ನಾಲ್ಕು ಸೆಕೆಂಡಿನದು. ಗುಂಡಿ ಒತ್ತಿದರೆ ಎಂಜಿನ್ನಿಗಿಂತ ಮೊದಲು ಪ್ಯಾರಾಶೂಟ್ ಬಿಚ್ಚಿಕೊಂಡಿತು. ಸಾಹೇಬರು ನಿಂತಲ್ಲೇ ಮುಸುಕು ಹಾಕಿಕೊಂಡು ಉರಿದರು. ಎರಡನೆಯ ಸಲ ದೀಪಾವಳಿಯ ಬಾಣದಂಥ ಸಣ್ಣ ಎಂಜಿನ್ನುಗಳನ್ನು ಬಾರಾಮತಿಯ ಕಬ್ಬಿನ ಹೊರೆಯಂತೆ ಸುತ್ತಲೂ ಕಟ್ಟಿದೆ. ಒಂದು ಮಗ್ಗುಲಿನವು ಮೊದಲು ಹೊತ್ತಿಕೊಂಡು, ರಾಕೆಟ್ಟು ಗಿರಗಿರ ತಿರುಗಿ, ತಾನು ಹಾರಿದ ಕಟ್ಟಡದ ಮೇಲೇ ಬಿತ್ತು. ಸತ್ತವರು ಈ ಆಟದಲ್ಲಿ ಸ್ವಲ್ಪ ಹೊತ್ತಿನಲ್ಲೇ ಕೆಲಸಕ್ಕೆ ಹಾಜರಾಗುತ್ತಾರೆ, ಹಲ್ಲು ಕಿರಿಯುತ್ತಲೇ. ಒಂದು ರವಿವಾರ ಮಧ್ಯಾಹ್ನ ಸಿಟಿ ಬಸ್ಸಿನ ಆಕಾರದ ರಾಕೆಟ್ ಕಟ್ಟಿ, ಕೆಳಗೆ ಗಾಲಿ ಹಚ್ಚಿ, ಅದಕ್ಕೆ ಇಲ್ಲಿನ ಬಸ್ ನಿಲ್ದಾಣದ 'ಸ್ವಾರಗೇಟ್' ಎಂಬ ಹೆಸರಿಟ್ಟೆ. ಅದು ಒಂದು ಗೇಣೂ ಮೇಲೇಳದೆ, ಯಾವ ನಿಲ್ದಾಣದಲ್ಲೂ ನಿಲ್ಲದೆ, ನೆಟ್ಟಗೆ ಸಮುದ್ರಕ್ಕೆ ಹೋಯಿತು.

ಇಷ್ಟಾಗುವ ಹೊತ್ತಿಗೆ ನಮ್ಮವರ ತಾಯಿ, ನಮ್ಮ ಅತ್ತಿ, ಹತ್ತಿರ ಕುರ್ಚಿ ಎಳೆದುಕೊಂಡು ಕೂಡತೊಡಗಿದ್ದರು. ವಿಜಯಪುರದಿಂದ ಪುಣೆಗೆ ಬಂದು ಐವತ್ತು ವರ್ಷವಾದರೂ ಅವರ ಮಾತು ಅಲ್ಲಿಯದೇ. ಟಿವಿಯ ಧಾರಾವಾಹಿಗಳಲ್ಲಿ ಸತ್ತವರು ಬದುಕಿ ಬರಲಿಕ್ಕೆ ಆರು ತಿಂಗಳು ಹಿಡಿಯುತ್ತದೆ, ಇಲ್ಲಿ ಜಲ್ದಿ ಬರುತ್ತಾರೆ ಎಂದು ಅವರಿಗೆ ಇದು ಹಿಡಿಸಿತ್ತು. ಆ ಪುಟ್ಟ ಮನುಷ್ಯ ಯಾರೆಂದು ನಾನು ಅವರಿಗೆ ಹೇಳಿರಲಿಲ್ಲ.

ಒಂದು ಶುಕ್ರವಾರ ಕಡತದ ಕೋಣೆಗೆ ಬಂದು ಸಾಹೇಬರು, ಇಲ್ಲಿ ತಂಪಾಗಿದೆಯಲ್ಲ ಮ್ಯಾಡಮ್ ಎಂದು ನಕ್ಕು ಹೋದರು. ಆ ಸಂಜೆ ಚಹಾ ಕೂಡ ಕುಡಿಯದೆ ನಾನು ಇಡ್ಲಿ ಸ್ಟ್ಯಾಂಡಿನ ಮಾದರಿಯಲ್ಲಿ, ತಟ್ಟೆಯ ಮೇಲೆ ತಟ್ಟೆ, ಎಂಜಿನ್ ಮೇಲೆ ಎಂಜಿನ್ ಏರಿಸಿ ಒಂದು ರಾಕ್ಷಸನನ್ನು ಕಟ್ಟಿದೆ. ಅದು ಸುಡಬೇಕಾಗಿತ್ತು. ಆದರೆ ಸಿಟ್ಟಿನ ಭರದಲ್ಲಿ ಕೈ ಎಲ್ಲವನ್ನೂ ಸರಿಯಾಗಿ ಜೋಡಿಸಿಬಿಟ್ಟಿತ್ತು. ಒಂದೊಂದೇ ತಟ್ಟೆ ಉರಿದು ಕಳಚಿಬಿತ್ತು. ಆಕಾಶ ನೀಲಿ ಹೋಗಿ ಕಪ್ಪಾಯಿತು. ಸಾಹೇಬರು ಭೂಮಿಯ ಸುತ್ತ ತಿರುಗತೊಡಗಿದರು. ಇಂಧನ ಮುಗಿದಿತ್ತು. ಇಳಿಯಲಿಕ್ಕೆ ದಾರಿ ಇರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ಸಜ್ಜಿಗೆ ಮಾಡಿದೆ.

ಮರುದಿನ ಸಂಜೆ ಅತ್ತಿ ಕೇಳಿದರು, ಆ ಮನುಷ್ಯ ಇಳಿದನೇ ಎಂದು. ಇಲ್ಲ, ಅವನು ಅಲ್ಲೇ ಇರಲಿ, ಬಹಳ ಕೆಟ್ಟ ಮನುಷ್ಯ ಎಂದು ಹೇಳಿ, ಕೊನೆಗೆ ಅವನು ಯಾರೆಂಬುದನ್ನೂ ಹೇಳಿದೆ. ಕಾರ್ಖಾನೆಯ ಕಥೆಯನ್ನು ಪೂರ್ತಿಯಾಗಿ ಅವರಿಗೆ ಹೇಳಿದ್ದು ಅದೇ ಮೊದಲು. ಅತ್ತಿ ತೆರೆಯ ಮೇಲೆ ಹಲ್ಲು ಕಿರಿಯುತ್ತಿದ್ದ ಮುಖವನ್ನು ಬಗ್ಗಿ ನೋಡಿದರು.

"ಕೆಟ್ಟವ ಇರವಲ್ಲನ್ಯಾಕ," ಅಂದರು. "ಕೂಡಿಸಿ ಕಳಿಸಿದಾಕಿ ನೀ ಅಲ್ಲೇನವಾ?"

ನನಗೆ ಬಂದ ಸಿಟ್ಟನ್ನು ಬರೆದು ತೋರಿಸಲಾರೆ. ಕಡತದ ಕೋಣೆಯಿಂದ ನನ್ನನ್ನು ಇಳಿಸಲಿಕ್ಕೆ ಯಾರು ರಾಕೆಟ್ ಕಟ್ಟುತ್ತಿದ್ದಾರೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಎಪ್ಪತ್ತೊಂಬತ್ತು ವರ್ಷದವರ ಮುಂದೆ ಕೆಲವು ಮಾತು ಆಡಲಿಕ್ಕಾಗುವುದಿಲ್ಲ. ಬದಲಿಗೆ ಕಂಪ್ಯೂಟರಿನ ಮುಂದೆ ಕೂತು, ಅವನನ್ನು ಶಪಿಸುತ್ತಲೇ, ಅವನನ್ನು ತರುವ ರಾಕೆಟ್ ಕಟ್ಟತೊಡಗಿದೆ.

ಸುಡುವುದು ಎಷ್ಟು ಸುಲಭ, ತರುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಮೊದಲು ಕಳಿಸಿದ್ದು ಅವನ ಪಕ್ಕದಿಂದಲೇ ಗುಂಡಿನಂತೆ ಹಾದುಹೋಯಿತು. ಎರಡನೆಯದರಲ್ಲಿ ನನ್ನದೇ ಹೆಸರಿನ ಒಬ್ಬಳನ್ನು ಕೂಡಿಸಿ, ಆರು ಸಂಜೆ ಕಷ್ಟಪಟ್ಟು ಅವನ ಹತ್ತಿರ ಒಯ್ದು ನಿಲ್ಲಿಸಿದೆ. ಬಾಗಿಲು ತೆರೆಯುವ ಹೊತ್ತಿಗೆ ನೋಡುತ್ತೇನೆ, ನನ್ನ ಡಬ್ಬಿಯಲ್ಲಿ ಒಂದೇ ಆಸನ. ಅದರಲ್ಲಿ ನಾನೇ ಕೂತಿದ್ದೇನೆ. ಮರಳಿ ಬರಲಿಕ್ಕೆ ಇಂಧನವೂ ಇಲ್ಲ. ಆವತ್ತಿನಿಂದ ಸಾಹೇಬರೂ ನಾನೂ ಜೋಡಿಯಾಗಿ ತಿರುಗತೊಡಗಿದೆವು. ನಮ್ಮವರು ಇಣಿಕಿ ನೋಡಿ ಏನೋ ಹೇಳಲು ಬಾಯಿ ತೆರೆದರು. ನನ್ನ ಮುಖ ಕಂಡು ಹೂವು ತರುತ್ತೇನೆಂದು ಹೊರಟುಹೋದರು.

ಮಗಳು ಒಂದು ಸಂಗತಿ ಹೇಳಿಕೊಟ್ಟಳು, ಅದು ಆಟದ್ದಲ್ಲ, ಪ್ರಕೃತಿಯದೇ ನಿಯಮ. ಒಂದೇ ಕಕ್ಷೆಯಲ್ಲಿ ಮುಂದೆ ಹೋಗುತ್ತಿರುವವನನ್ನು ಹಿಡಿಯಬೇಕೆಂದರೆ ವೇಗ ಹೆಚ್ಚಿಸಬಾರದು. ಹೆಚ್ಚಿಸಿದರೆ ನಾವು ಮೇಲಕ್ಕೆ ಹೋಗಿ, ಸುತ್ತು ದೊಡ್ಡದಾಗಿ, ಇನ್ನೂ ಹಿಂದೆ ಬೀಳುತ್ತೇವೆ. ಎಂಜಿನ್ನನ್ನು ಹಿಮ್ಮುಖವಾಗಿ ಉರಿಸಿ, ತಗ್ಗಿ, ಒಳಗಿನ ಸಣ್ಣ ಸುತ್ತಿನಲ್ಲಿ ಹೋದರೆ ತಾನಾಗಿಯೇ ಅವನನ್ನು ಮುಟ್ಟುತ್ತೇವೆ. ಅಂದರೆ ನಾನು ಎರಡು ವಾರದಿಂದ ಹಲ್ಲು ಕಚ್ಚಿ ಒತ್ತಿದ ಪ್ರತಿ ಗುಂಡಿಯೂ ತಪ್ಪು, ಇಂಧನವೆಲ್ಲ ಸುಟ್ಟುಹೋದದ್ದೂ ಅದಕ್ಕೇ. ವಿಜ್ಞಾನ ಕೂಡ ಬಂದು ತಗ್ಗು ಎಂದು ಹೇಳಬೇಕೇ? ಅದು ನಮ್ಮವರ ಪಕ್ಷ ಸೇರಿದ್ದು ನನಗೆ ಇವತ್ತಿಗೂ ಸರಿ ಎನಿಸಿಲ್ಲ.

ಈ ನಡುವೆ ಕಾರ್ಖಾನೆಯಲ್ಲಿ ಆಗಬೇಕಾದದ್ದು ಆಯಿತು. ಗಾಡಿ ಕಂಪನಿಯವರ ಅಂಗಳದಲ್ಲೇ ಎರಡು ಗಾಡಿಗಳ ಪೆಡಲು ಬಿಟ್ಟುಕೊಂಡವು. ಯಾರಿಗೂ ಪೆಟ್ಟಾಗಲಿಲ್ಲ, ಅದು ಪುಣ್ಯ. ವಿಚಾರಣೆಗೆ ಆ ಕಂಪನಿಯವರು ಮರುದಿನ ಬರುವವರಿದ್ದರು. ಸಾಹೇಬರು ಕಡತದ ಕೋಣೆಗೆ ಬಂದರು, ಕೈಯಲ್ಲಿ ಹೊಸದಾಗಿ ಟೈಪು ಮಾಡಿದ ಹಳೆಯ ತಾರೀಖಿನ ಹಾಳೆ. ಆ ಲಾಟನ್ನು ನಾನು ಎಳೆದು ನೋಡಿದ್ದೇನೆ, ನಾಲ್ಕೂ ಸರಿಯಾಗಿವೆ ಎಂದಿತ್ತು, ಕೆಳಗೆ ನನ್ನ ಸಹಿಗೆ ಜಾಗ. ಅವರ ಅಂಗಿಯ ಇಸ್ತ್ರಿ ಹೋಗಿತ್ತು. ತಮಗೂ ಮೇಲಿನವರು ಹೀಗೇ ಹೇಳಿದ್ದರು, ಆಗ ಇಲ್ಲ ಅನ್ನಲಿಕ್ಕೆ ಧೈರ್ಯವಾಗಲಿಲ್ಲ ಎಂದು, ಇಲಿ ತಿಂದ ಕಾಗದಗಳ ಪೆಟ್ಟಿಗೆಯ ಮೇಲೆ ಕೂತು, ನನ್ನ ಮುಖ ನೋಡದೆ ಹೇಳಿದರು.

ನನಗೆ ಕರುಣೆ ಬಂತೆಂದು ನೀವು ತಿಳಿದಿದ್ದರೆ, ಬರಲಿಲ್ಲ. ಬಂದದ್ದು ಸಿಟ್ಟೇ. ಆದರೆ ಆ ಲಾಟಿನ ಉಳಿದ ಬ್ರ್ಯಾಕೆಟ್ಟುಗಳು ಎಲ್ಲೆಲ್ಲೋ ಗಾಡಿಗಳಲ್ಲಿ ಕೂತಿದ್ದವು. ಕೂಗಾಡುತ್ತ ಕೂತರೆ ಅವು ಇನ್ನೂ ದೂರ ಹೋಗುತ್ತಿದ್ದವು. ನಾನು ಹಾಳೆಯನ್ನು ಹರಿದು, ಅವತ್ತಿನಿಂದ ಊಟದ ಚೀಲದಲ್ಲೇ ಇದ್ದ ಮೂರು ತುಂಡುಗಳನ್ನು ತೆಗೆದು ಅವರ ಮುಂದಿಟ್ಟೆ.

"ಇದಕ್ಕೆ ಸಹಿ ಮಾಡುತ್ತೇನೆ," ಅಂದೆ. "ಅವತ್ತು ಏನಾಯಿತೋ ಅದನ್ನೇ ಬರೆಯುತ್ತೇನೆ. ಮಾಲನ್ನೆಲ್ಲ ವಾಪಸ್ಸು ಕರೆಸುವ ಪತ್ರ ಮಾತ್ರ ನೀವು ಬರೆಯಬೇಕು, ನಿಮ್ಮ ಹೆಸರಿನಲ್ಲಿ, ಈಗಲೇ."

ಅವರು ತುಂಡುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಆಮೇಲೆ ಪೆನ್ನು ಕೇಳಿದರು. ಮೂರು ಸಲ ತಪ್ಪಿ ಬರೆದರು. ಮೂರೂ ಸಲ ನಾನು ಹೊಸ ಹಾಳೆ ಕೊಟ್ಟೆ.

ಮಾಲು ಮರಳಿ ಬಂತು. ಸಾಹೇಬರ ಕೆಲಸ ಉಳಿಯಿತು, ಆದರೆ ಪುಣೆಯಲ್ಲಲ್ಲ. ಮೇಲಿನವರಿಗೆ ಏನೂ ಆಗಲಿಲ್ಲ. ನನ್ನ ಮೇಜು ನನಗೆ ಸಿಕ್ಕಿತು, ತಪ್ಪಾಯಿತು ಎಂಬ ಒಂದು ಮಾತೂ ಇಲ್ಲದೆ. ಆ ಸಿಟ್ಟು ಹಾಗೇ ಇದೆ. ಅದನ್ನು ಬಿಡುವ ವಿಚಾರವೂ ನನಗಿಲ್ಲ.

ಆ ಶನಿವಾರ ಮೂರನೆಯ ರಾಕೆಟ್ ಕಳಿಸಿದೆ. ಎರಡು ಆಸನ, ಎರಡೂ ಖಾಲಿ. ಅವಸರ ಮಾಡಲಿಲ್ಲ, ತಗ್ಗಿ, ಒಳಸುತ್ತಿನಲ್ಲಿ ಹೋಗಿ, ನಮ್ಮಿಬ್ಬರ ಡಬ್ಬಿಗಳ ಪಕ್ಕಕ್ಕೆ ನಿಲ್ಲಿಸಿದೆ. ಸಾಹೇಬರು ಕತ್ತಲಲ್ಲಿ ತೇಲುತ್ತ ಬಂದು ಒಳಗೆ ಕೂತರು. ನಾನು ಹಿಂದಿನಿಂದ ಬಂದೆ. ಅತ್ತಿ ಸೆರಗನ್ನು ಬಾಯಿಗೆ ಹಿಡಿದು ನೋಡುತ್ತಿದ್ದರು. ಡಬ್ಬಿ ಕೆಂಪಗೆ ಕಾದು, ನಡುಗಿ, ಕೊನೆಗೆ ಮೂರು ಪ್ಯಾರಾಶೂಟ್ ಬಿಚ್ಚಿಕೊಂಡು ಸಮುದ್ರದ ಮೇಲೆ ಮೆತ್ತಗೆ ಇಳಿಯಿತು. ಅತ್ತಿ ಉಸ್ಸೆಂದರು.

ಒಳಗೆ ಹೋಗಿ ನೀರು ಕುಡಿದು ಬಂದು, ತಾವೂ ಒಮ್ಮೆ ಮೇಲೆ ಹೋಗಿ ನೋಡಬೇಕು, ತಮ್ಮ ಹೆಸರಿನಲ್ಲಿ ಒಂದು ಕಟ್ಟು ಅಂದರು. ನನಗೆ ಕಣ್ಣು ತುಂಬಿದಂತಾಯಿತು. ಸಿಟ್ಟೆಲ್ಲ ಇಳಿದ ಮೇಲೆ, ಸಮಾಧಾನದಿಂದ, ಒಂದೊಂದು ನಟ್ಟೂ ನೋಡಿ ಚಂದಾಗಿ ಕಟ್ಟುತ್ತೇನ್ರಿ ಅತ್ತಿ ಎಂದು ಹೇಳಿದೆ.

ಅವರು ಗಾಬರಿಯಾದರು.

"ಸಮಾಧಾನ ಇಳಸುಮುಂದ ಇರಲಿ," ಅಂದರು. "ಕಟ್ಟುಮುಂದ ಸಿಟ್ಟಿನಾಗ ಕಟ್ಟವಾ. ಗಟ್ಟಿ ಆಗ್ತದ."