ಗುದ್ದಲಿಯ ಮನೆಗೆ ಅಪ್ಪಣೆ

ಮನೆ ಕಟ್ಟಿಸುವವರ ಗೋಳು ಕೇಳಿದಾಗಲೆಲ್ಲ ನಾನು ಒಳಗೊಳಗೇ ನಗುತ್ತಿದ್ದವಳು. ಹೋಗಲಿ, ಅವರು ಗೋಳಾಡಿದ್ದಾದರೂ ಮನುಷ್ಯರು ಇರುವ ಮನೆಗೆ. ನಾನು ನಿದ್ದೆಗೆಟ್ಟದ್ದು ಒಂದು ಹಾರೆ, ಎರಡು ಗುದ್ದಲಿ, ಒಂದು ಕುಡುಗೋಲು, ನಾಲ್ಕಾರು ಹಳೆಯ ಮಂಕರಿಗಳು ತಲೆಮರೆಸಿಕೊಳ್ಳಲಿ ಎಂಬುದಕ್ಕಾಗಿ.

ಇವೆಲ್ಲ ಮೊದಲು ನಮ್ಮ ಹಿಂದಿನ ಪಡಸಾಲೆಯಲ್ಲೇ ಬಿದ್ದಿರುತ್ತಿದ್ದವು. ಮಧುಗಿರಿಗೆ ಸೊಸೆಯಾಗಿ ಬಂದ ಮೇಲೆ ನಾನು ಹಿತ್ತಲಲ್ಲಿ ಬದನೆ, ತೊಂಡೆಚಪ್ಪರ, ದಾಳಿಂಬೆ, ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಕಳಿಸಿದ ಬೀಜದ ಒಂದಿಷ್ಟು ಹೂಗಿಡ ಬೆಳೆಸಿಕೊಂಡಿದ್ದೆ. ಈ ಮನೆಯಲ್ಲಿ ನನ್ನದು ಎನ್ನಬಹುದಾದದ್ದು ಅದೊಂದೇ. ಒಂದು ಬೆಳಿಗ್ಗೆ ಮಂಕರಿಯೊಳಗಿನಿಂದ ಕರಿಚೇಳು ಹೊರಟು ಅತ್ತೆಯವರ ಸೆರಗಿನ ಅಂಚು ಹತ್ತಿತು. ಕುಟುಕಲಿಲ್ಲ, ಪುಣ್ಯ. ಆದರೆ ಅತ್ತೆ ಸೆರಗು ಕೊಡವಿಕೊಂಡು ಅಲ್ಲೇ ತೀರ್ಮಾನ ಹೇಳಿದರು.

“ನೋಡಮ್ಮ, ಒಂದೋ ಈ ಸಾಮಾನಿಗೊಂದು ಜಾಗ ಮಾಡು, ಇಲ್ಲ ಆ ತೋಟಾನೇ ಕಿತ್ತಾಕ್ಬುಡು. ಸುಗ್ಗಿ ಮುಗೀತಲೂ ಮಿಡಿಗೇಶಿಯಿಂದ ಹುಲ್ಲಿನ ಗಾಡಿ ಬತ್ತವೆ. ಅಲ್ಲೇ ಬಣವೆ ಒಟ್ಟುಸ್ತೀನಿ.”

ನಮ್ಮ ಅತ್ತೆ ಸುಮ್ಮನೆ ಹೆದರಿಸುವವರಲ್ಲ. ನನ್ನ ಹೂಪಾತಿಗಳ ಮೇಲೆ ಬಣವೆ ಎದ್ದು ನಿಂತದ್ದು ಆ ಕ್ಷಣವೇ ನನ್ನ ಕಣ್ಣಿಗೆ ಕಂಡಿತು.

ಪೇಟೆಯೊಳಗೆ ಗೂಡು ಕಟ್ಟಬೇಕಾದರೂ ಮುನಿಸಿಪಾಲಿಟಿಯ ಅಪ್ಪಣೆ ಬೇಕು. ನಮ್ಮ ಮನೆಯವರು ಜವಳಿ ಅಂಗಡಿಯ ಬಾಗಿಲು ಎಳೆದು ಅರ್ಜಿ ಹಿಡಿದು ಹೋದರು. ಅಲ್ಲಿನ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, “ದನ ಕಟ್ತೀರಾ?” ಎಂದರಂತೆ.

“ಇಲ್ಲ.”

“ಆಳು ಇರ್ತಾನಾ?”

“ಇಲ್ಲ.”

“ಮತ್ತೆ ಮನೆ ಯಾರಿಗೆ ಸ್ವಾಮಿ?”

“ಗುದ್ದಲಿಗೆ.”

“ಪುಣ್ಯ ಮಾಡಿದ ಗುದ್ದಲಿ ಕಣ್ರೀ. ನಾನಿನ್ನೂ ಬಾಡಿಗೆ ಮನೇಲೇ ಇದೀನಿ!”

ಗುಮಾಸ್ತರದೇನೂ ತಪ್ಪಿಲ್ಲ. ನಮ್ಮ ಹಿರಿಯರು ದನಕ್ಕೆ ಕೊಟ್ಟಿಗೆ ಎಂದರು, ರಾಗಿಗೆ ಹಗೇವು ಎಂದರು, ಕೋಳಿಗೂ ಗೂಡು ಎಂದರು. ಎಲ್ಲರ ಹೊಟ್ಟೆಗೂ ದಾರಿ ಮಾಡುವ ಗುದ್ದಲಿಯನ್ನು ಮಾತ್ರ ಗೋಡೆಗೆ ಒರಗಿಸಿ ಮರೆತುಬಿಟ್ಟರು. ಕೊನೆಗೆ ಕನ್ನಡದ ಹೆಸರು ಸಿಗದೆ ಅರ್ಜಿಯಲ್ಲಿ ‘ತೋಟದ ಷೆಡ್ಡು’ ಎಂದೇ ಬರೆದದ್ದಾಯಿತು.

ಅರ್ಜಿಯ ಜೊತೆ ನಕ್ಷೆ ಬೇಕಲ್ಲ, ಅದನ್ನು ನಾನೇ ಬರೆದೆ. ಜಂಬ ಎಂದರೂ ಸರಿ, ಭೂಗೋಳದ ತರಗತಿಯಲ್ಲಿ ನನ್ನ ನಕ್ಷೆಗಳನ್ನು ಗೋಡೆಗೆ ಅಂಟಿಸುತ್ತಿದ್ದರು. ಸುತ್ತ ಕಾಂಪೌಂಡಿನ ಗೆರೆ, ನಡುವೆ ಮನೆ, ಮೇಲೆ ಎಡಮೂಲೆಯಲ್ಲಿ ಷೆಡ್ಡು. ಪಕ್ಕದಲ್ಲಿ ಉತ್ತರ ದಿಕ್ಕಿನ ಬಾಣ, ಅದರ ತುದಿಗೆ ಇಂಗ್ಲಿಷಿನ ‘ಎನ್’ ಅಕ್ಷರ. ಓವರ್ಸಿಯರ್ ಬಂದು ತೊಂಡೆಚಪ್ಪರದ ಹಿಂದೆ ಗೂಟ ಹೊಡೆಸಿ, ದಾರ ಕಟ್ಟಿಸಿ, ಮೊಹರು ಒತ್ತಿ ಕೊಟ್ಟರು. ಹೋಗುವಾಗ ಒಂದು ಮಾತು ಹೇಳಿದರು: “ಬರೆದ ಜಾಗದಲ್ಲೇ ಕಟ್ಟಬೇಕು. ಒಂದು ಮೊಳ ಅತ್ತಿತ್ತ ಆದರೂ ಮತ್ತೆ ಮೊದಲಿಂದ ಅರ್ಜಿ.”

ನಾನು ಗೆದ್ದೆ ಎಂದುಕೊಂಡೆ. ಅತ್ತೆ ಮೊಹರನ್ನು ದೂರದಿಂದಲೇ ನೋಡಿ, “ಊರಿನೋರ ಅಪ್ಪಣೆ ಆಯ್ತು. ಅಯ್ನೋರ್ದು?” ಎಂದರು.

ಅಯ್ಯನವರೆಂದರೆ ನಮ್ಮ ಮನೆತನದ ಗುರುಗಳು. ಪಂಚಾಂಗ, ವಾಸ್ತು ಎರಡನ್ನೂ ಬಲ್ಲವರು, ಸೌಮ್ಯ ಸ್ವಭಾವದವರು. ಅವರು ಬರುವ ಹೊತ್ತಿಗೆ ಹುಲ್ಲಿನ ಗಾಡಿಗಳು ಮಿಡಿಗೇಶಿ ಬಿಟ್ಟಿವೆ ಎಂದು ಸುದ್ದಿ ಬಂದಿತ್ತು. ಜಗಲಿಯ ಮೇಲೆ ಕೂತು ನಕ್ಷೆ ಬಿಡಿಸಿದರು. ನನ್ನ ಬಾಣದ ಗುರುತಿಗೆ ಬೆರಳಿಟ್ಟು, “ತ್ರಿಶೂಲ ಬರ್ದಿದೀಯಲ್ಲಮ್ಮ, ಒಳ್ಳೇದು” ಎಂದು ಮೆಚ್ಚಿದರು. ಆಮೇಲೆ ಬೆರಳು ಎಡಮೂಲೆಗೆ ಹೋಯಿತು. ಮುಖ ಬಾಡಿತು.

“ಈಶಾನ್ಯದಾಗೆ ಭಾರ ಹೊರಿಸೋದಾ? ಅದೂ ಕಬ್ಬಿಣ! ಬ್ಯಾಡ ಕಣಮ್ಮ.”

ಅತ್ತೆ ನನ್ನ ಕಡೆ ತಿರುಗಿದರು. “ಬಾವಿ ಮಗ್ಗುಲಾಗೆ ಗುದ್ದಲಿ ಮನೆ ಕಟ್ಟಕ್ಕೆ ಹೊಂಟಿದ್ಯಾ?”

ಬಾವಿಯ ಮಗ್ಗುಲೇ? ಬಾವಿ ಇರುವುದು ಈಶಾನ್ಯದಲ್ಲಿ ನಿಜ, ಆದರೆ ನಾನು ಬರೆದದ್ದು ಬಾವಿಯಿಂದ ಆಚೆಯ, ವಾಯವ್ಯದ ಮೂಲೆ! ಆಗ ಹೊಳೆಯಿತು ನೋಡಿ. ಸಿಸ್ಟರ್ ಕಲಿಸಿದ ನಕ್ಷೆಯಲ್ಲಿ ಮೇಲೆ ಇರುವುದು ಉತ್ತರ. ಹಿಮಾಲಯ ಗೋಡೆಯ ತಲೆಯ ಮೇಲೆ, ಕನ್ಯಾಕುಮಾರಿ ನಮ್ಮ ಕಾಲ ಬಳಿ. ಅಯ್ಯನವರು ದಿನವೂ ಓದುವ ಜಾತಕದ ಕುಂಡಲಿಯಲ್ಲಿ ಮೇಲೆ ಇರುವುದು ಪೂರ್ವ. ಎಡಗಡೆಯ ಮೇಲುಮೂಲೆ ಮೀನರಾಶಿಯದು, ಅದೇ ಈಶಾನ್ಯ. ಸೂರ್ಯ ಹುಟ್ಟುವ ದಿಕ್ಕನ್ನು ತಲೆಯ ಮೇಲಿಡುವುದೇ ನಿಜಕ್ಕೂ ಮರ್ಯಾದೆಯ ಕ್ರಮ. ಉತ್ತರಕ್ಕೆ ಆ ಸ್ಥಾನವನ್ನು ಕೊಟ್ಟವರು ಯಾರೋ ನಾನರಿಯೆ. ಆದರೆ ಸಿಸ್ಟರ್, ಅಯ್ಯನವರು ಇಬ್ಬರೂ ಸರಿಯಾಗಿದ್ದು, ನನ್ನ ತೋಟ ನಡುವೆ ಸಿಕ್ಕಿಕೊಂಡಿತ್ತು.

ಹೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಅತ್ತೆಯ ಎದುರಿಗೆ, ಬಾಗಿಲ ಮರೆಯಲ್ಲಿ ಸೆರಗು ಹೊದ್ದು ನಿಂತ ಸೊಸೆ, ‘ಅಯ್ನೋರೇ, ನೀವು ಓದಿದ್ದು ತಪ್ಪು’ ಎಂದರೆ ಷೆಡ್ಡಿರಲಿ, ನನಗೇ ಆ ಮನೆಯಲ್ಲಿ ಮೂಲೆ ಹುಡುಕಬೇಕಾಗುತ್ತಿತ್ತು. ಅತ್ತೆ ಆಗಲೇ ಗಿಡ ಕೀಳಿಸಲು ಆಳನ್ನು ಕೂಗಲು ಎದ್ದಿದ್ದರು. ಹೇಗೋ ಇಷ್ಟು ಹೊರಟಿತು: “ಅಯ್ನೋರೇ, ಕಾಗದದಲ್ಲಿ ಬಾವಿ ಬರೆಯೋದು ಬಿಟ್ಟುಹೋಗಿದೆ. ಒಂದು ಸಲ ಹಿತ್ತಲಿಗೆ ಬಂದು ಗೂಟ ನೋಡ್ತೀರಾ?”

ಬಂದರು. ಬಾವಿಯನ್ನು ನೋಡಿದರು, ಚಪ್ಪರದ ಹಿಂದಿನ ಗೂಟ ನೋಡಿದರು, ಕೈಯಲ್ಲಿದ್ದ ಕಾಗದ ನೋಡಿದರು. ಕಾಗದವನ್ನು ಮೆಲ್ಲಗೆ ಕಾಲು ಸುತ್ತು ತಿರುಗಿಸಿದರು. ಅವರ ಕಿವಿ ಕೆಂಪಾದದ್ದು ನನಗೆ ಕಂಡಿತು. ನಾನು ನೆಲ ನೋಡಿದೆ.

“ಇದು ವಾಯವ್ಯ ಕಣಮ್ಮ. ದೋಷ ಇಲ್ಲ,” ಎಂದರು ತಗ್ಗಿದ ದನಿಯಲ್ಲಿ.

ಅತ್ತೆ ಸೊಂಟದ ಮೇಲೆ ಕೈಯಿಟ್ಟರು. “ಒಳಗೆ ಈಶಾನ್ಯ, ಹೊರಗೆ ವಾಯವ್ಯ? ಮೂಲೆಗೇನು ಕಾಲು ಬಂದು ಓಡ್ಬುಡ್ತಾ ಅಯ್ನೋರೇ?”

ಅಯ್ಯನವರ ಹಣೆಯ ವಿಭೂತಿ ಬೆವರಿಗೆ ಕರಗತೊಡಗಿತು. ತಪ್ಪಿ ಓದಿದ್ದು ಹೌದೆಂದರೆ ಅವರ ಮಾನ ಹೋಗುತ್ತಿತ್ತು, ಇಲ್ಲವೆಂದರೆ ನನ್ನ ತೋಟ. ಬೀದಿಯ ಆ ತುದಿಯಲ್ಲಿ ಗಾಡಿಯ ಎತ್ತುಗಳ ಗೆಜ್ಜೆ ಕೇಳಿಸಿತು.

“ತಪ್ಪು ನಂದೇ ಅತ್ತೆ,” ಎಂದುಬಿಟ್ಟೆ. “ನಕ್ಷೇನ ನಾನೇ ಅಡ್ಡಡ್ಡ ಬರೆದುಬಿಟ್ಟಿದ್ದೆ.”

ಅತ್ತೆ ನಕ್ಕರು. ಮದುವೆಯಾಗಿ ಬಂದಂದಿನಿಂದ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. “ಕೇಳುದ್ರಾ ಅಯ್ನೋರೇ? ಇಂಗ್ಲಿಷ್ ಸಾಲೇಲಿ ಓದಿದೋಳು! ಹಿತ್ತಲ ಮೂಲೆ ಯಾವ್ದು ಅಂತ ಗೊತ್ತಿಲ್ಲ! ಅದುಕ್ಕೇ ಮನೇಗೊಬ್ರು ದೊಡ್ಡೋರು ಇರ್ಬೇಕು ಅನ್ನೋದು.” ನಗುನಗುತ್ತಲೇ ಬೀದಿಗೆ ಹೋಗಿ, ಹುಲ್ಲಿನ ಗಾಡಿಗಳನ್ನು ಅಂಗಡಿಯ ಹಿಂದಿನ ಬಯಲಿಗೆ ತಿರುಗಿಸಿದರು. ಸಂಜೆಯ ಹೊತ್ತಿಗೆ ನನ್ನ ದಡ್ಡತನ ಇಡೀ ಬೀದಿಗೆ ಗೊತ್ತಾಗಿತ್ತು. ಯೋಚಿಸಿದರೆ, ಅಪ್ಪಣೆ ಕೊಡುವವರಿಗೆ ಬೇಕಾದದ್ದು ನಕ್ಷೆಯಲ್ಲ. ಕೊಡುವ ಕೈ ಕೊಂಚ ಮೇಲಿರಬೇಕು, ಅಷ್ಟೆ. ನಾನು ನನ್ನ ಕೈಯನ್ನು ಕೊಂಚ ಕೆಳಗೆ ಹಿಡಿದೆ, ಅದರೊಳಕ್ಕೆ ಬಿದ್ದದ್ದು ಇಡೀ ತೋಟ.

ಷೆಡ್ಡು ಎದ್ದಿತು, ಮಂಗಳೂರು ಹೆಂಚು ಹೊದ್ದಿತು. ಬೀಗದಕೈಯನ್ನು ಅತ್ತೆ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮುನಿಸಿಪಾಲಿಟಿ ಒಂದೇ ಸಲ ಕೊಟ್ಟ ಅಪ್ಪಣೆಯನ್ನು ಇಲ್ಲಿ ನಾನು ದಿನಾ ಬೆಳಿಗ್ಗೆ ಕೇಳಬೇಕು. ಅವರು ಬಂದು ಬೀಗ ತೆಗೆಯುತ್ತಾರೆ, ನಾನು ಗುದ್ದಲಿ ಎತ್ತಿಕೊಳ್ಳುತ್ತೇನೆ. ಮೊದಮೊದಲು ಅವರು ಆಗಲೇ ಮನೆಯೊಳಗೆ ಹೋಗಿಬಿಡುತ್ತಿದ್ದರು. ಈಗೀಗ ಹೋಗುವುದಿಲ್ಲ. ನಿನ್ನೆ ಬದನೆಯ ಪಾತಿಯಲ್ಲಿ ಕುಕ್ಕರುಗಾಲಲ್ಲಿ ಕೂತು, “ಇಂಗಾ ಕಳೆ ಕೀಳೋದು? ಬೇರು ಅಂಗೇ ಬುಟ್ಟಿದ್ದೀಯಲ್ಲ, ಆ ಕುಡುಗೋಲು ಕೊಡಿಲ್ಲಿ” ಎಂದು ಕೈ ಚಾಚಿದರು. ಕೊಟ್ಟು, ನಾನು ಇನ್ನೊಂದು ಪಾತಿಗೆ ಹೋದೆ.