ಐತಪ್ಪನ ಟೊಪ್ಪಿಯೂ ನನ್ನ ಕ್ಯಾಪೂ

ನನಗೆ ಹೊಟ್ಟೆಕಿಚ್ಚು ಬರುವುದು ಬೇರೆಯವರ ಕಾರು, ಬಂಗಲೆ ಕಂಡಲ್ಲ. ಒಂದು ಟೊಪ್ಪಿ ಕಂಡು. ಪೈವಳಿಕೆಯಲ್ಲಿ ನಮ್ಮ ಪಕ್ಕದ ಮನೆಯ ಐತಪ್ಪನ ತಲೆಯ ಮೇಲೆ ಸದಾ ಇರುವ, ಅಡಿಕೆ ಹಾಳೆಯ ಟೊಪ್ಪಿ ಅದು.

ಒಂದು ದಿನ ಅವನು ನಮ್ಮ ಗೇಟಿನ ಮುಂದೆ ಹಾದು ಹೋದ. ನನ್ನ ಹೆಂಡತಿ ಸರಸ್ವತಿ, "ಐತಪ್ಪಣ್ಣನಿಗೆ ಟೊಪ್ಪಿ ಎಂತ ಚಂದ ಕಾಣ್ತದೆ ಅಲ್ವಾ?" ಎಂದಳು. ಅಳಿಯ ದುಬೈಯಿಂದ ತಂದ ನೀಲಿ ಕ್ಯಾಪು ಆ ಹೊತ್ತಿಗೆ ನನ್ನ ತಲೆಯ ಮೇಲೆಯೇ ಇತ್ತು! ಮದುವೆಯಾದಂದಿನಿಂದ ನನ್ನ ತಲೆಯ ಬಗ್ಗೆ ಅವಳು ಆಡಿದ ಮಾತೆಂದರೆ "ಎಣ್ಣೆ ಹಾಕಿ" ಎಂಬುದೊಂದೇ.

ಚಂದದಲ್ಲಿ ಸೋತವನು ವಿದ್ಯೆಯಲ್ಲಾದರೂ ಗೆಲ್ಲಬೇಡವೇ? ನಾನು ನಿವೃತ್ತ ಇಂಗ್ಲಿಷ್ ಮಾಷ್ಟ್ರು. ನನ್ನ ನಿಘಂಟಿನಷ್ಟು ದಪ್ಪದ್ದು ಈ ಪಂಚಾಯತಿನಲ್ಲಿ ಇನ್ನೊಬ್ಬರ ಮನೆಯಲ್ಲಿದ್ದರೆ ಮೀಸೆ ಬೋಳಿಸುತ್ತೇನೆ. ಚಾದಂಗಡಿಯಲ್ಲಿ ಐತಪ್ಪನನ್ನು ಹಿಡಿದು ಕೂರಿಸಿ ಪಾಠ ಶುರು ಮಾಡಿದೆ. ಕ್ಯಾಪ್ ಬಂದದ್ದು ಲ್ಯಾಟಿನ್ನಿನಿಂದ. ಆಗ ಅದು ತಲೆಯನ್ನೂ ಸೇರಿಸಿ ಹೊದೆಯುವ ನಿಲುವಂಗಿ. ಯಾವನೋ ಸಂತನ ನಿಲುವಂಗಿಯ ತುಂಡನ್ನು ಇಟ್ಟು ಪ್ರಾರ್ಥಿಸಿದ ಜಾಗ ಚಾಪೆಲ್ ಆಯಿತು. ಎಸ್ಕೇಪ್ ಎಂಬುದೂ ಅದರ ಮರಿಯೇ. ಹಿಡಿಯಲು ಬಂದವನ ಕೈಯಲ್ಲಿ ನಿಲುವಂಗಿ ಬಿಟ್ಟು ಓಡುವುದು. ಈಗ ಪೆನ್ನಿಗೂ ಕ್ಯಾಪು, ಬಾಟಲಿಗೂ ಕ್ಯಾಪು. ದೇಶಕ್ಕಾಗಿ ಮೊದಲ ಸಲ ಕ್ರಿಕೆಟ್ ಆಡುವವನಿಗೆ ಕೊಡುವ ಮರ್ಯಾದೆಯೂ ಕ್ಯಾಪೇ.

ಐತಪ್ಪ ಗೋಳಿಬಜೆ ಮುಗಿಸಿ ಕೈ ಒರೆಸಿಕೊಂಡ. "ಅಷ್ಟೆಲ್ಲ ಉಂಟಾ ಮಾಷ್ಟ್ರೇ ಅದ್ರಲ್ಲಿ! ಮತ್ತೆ ನಿಮ್ಮದು ಬಸ್ಸು ಹೋದ ಗಾಳಿಗೇ ಹಾರುದು ಯಾಕೆ?"

ಅಂಗಡಿ ಇಡೀ ನಕ್ಕಿತು. ಮರ್ಯಾದೆಯನ್ನು ಬದಿಗಿಟ್ಟು ಅವನ ಕಿವಿಯಲ್ಲಿ ಹೇಳಿದೆ: "ನನಗೂ ಒಂದು ಮಾಡಿ ಕೊಡು ಮಾರಾಯ. ಸರಸ್ವತಿಗೆ ಮಾತ್ರ ಹೇಳ್ಬೇಡ."

ಹಾಳೆ ಟೊಪ್ಪಿಯನ್ನು ಅಳಿಯ ದುಬೈಯಿಂದ ತಂದು ಕೊಡುವ ಹಾಗಿಲ್ಲ. ಹಾಳೆಯನ್ನು ನೆನೆಸಿ, ಮಡಚಿ, ಹೊಲಿದು, ಹಸಿ ಇರುವಾಗಲೇ ತಲೆಗೆ ಕೂರಿಸಬೇಕು. ಒಣಗುತ್ತಾ ಅದು ಆ ತಲೆಗೇ ಒಗ್ಗುತ್ತದೆ. ಐತಪ್ಪ ನನ್ನನ್ನು ಅವನ ಅಂಗಳದ ಬಿಸಿಲಲ್ಲಿ ಕೂರಿಸಿದ. ಕಿವಿಯ ಹಿಂದೆ ನೀರು ಇಳಿಯುತ್ತಿತ್ತು.

"ಅಲ್ಲಾಡ್ಬೇಡಿ ಮಾಷ್ಟ್ರೇ. ಪರೀಕ್ಷೆ ಹಾಲಲ್ಲಿ ಕೂತದ್ದು ಅಂತ ತಿಳ್ಕೊಳ್ಳಿ!"

ಊರ ಮಕ್ಕಳನ್ನೆಲ್ಲ ಅಲ್ಲಾಡದಂತೆ ಕೂರಿಸಿದ ನಾನು ಹೀಗೆ ಮೂರ್ತಿಯಂತೆ ಕೂತಿರುವಾಗಲೇ ಸರಸ್ವತಿ ಮಜ್ಜಿಗೆ ತಂಬಿಗೆ ಹಿಡಿದು ಬರಬೇಕೇ! ನನ್ನನ್ನು ಕಂಡವಳು ಕಟ್ಟೆ ಹಿಡಿದು ನಕ್ಕಳು. ನಕ್ಕು ಮುಗಿದ ಮೇಲೆ ಹತ್ತಿರ ಬಂದು ಟೊಪ್ಪಿಯನ್ನು ಸುತ್ತಲಿಂದಲೂ ನೋಡಿದಳು. ಬಂತು ನನ್ನ ಗಳಿಗೆ ಎಂದುಕೊಂಡೆ.

"ಐತಪ್ಪಣ್ಣ, ನಿಮ್ಮ ಕೈಕೆಲಸ ಎಂತ ಚಂದ ಮಾರ್ರೆ!" ಎಂದಳು.

ತಲೆ ನನ್ನದು, ಹೊಗಳಿಕೆ ಪುನಃ ಅವನಿಗೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಆದರೂ ಮರುದಿನ ಅದನ್ನೇ ಇಟ್ಟುಕೊಂಡು ಹೊರಟೆ. ಸರಸ್ವತಿ, "ನಿಲ್ಲಿ, ಓರೆ ಆಗಿದೆ" ಎಂದು ಎರಡೂ ಕೈಯಿಂದ ಹಿಡಿದು ಸರಿ ಮಾಡಿದಳು. ಅಂದಿನಿಂದ ನಾನು ಟೊಪ್ಪಿಯನ್ನು ಒಂದು ದಿನವೂ ನೆಟ್ಟಗೆ ಇಟ್ಟದ್ದಿಲ್ಲ. ಹೊಗಳಿಕೆ ಐತಪ್ಪನಿಗೇ ಇರಲಿ. ಅವನ ಟೊಪ್ಪಿ, ಪಾಪ, ಯಾವಾಗಲೂ ನೆಟ್ಟಗೇ ಇರುತ್ತದೆ.